ಹಿರಿಯರಿಗೆ ಸಂಜೆ ಕಂಪ್ಯೂಟರ್ ತರಗತಿ: ಶಿರಸಿ, ಕಾರವಾರದ ಕಡೆ ನಡೆಸುವ ಬಗೆ

ಅರವತ್ತು ದಾಟಿದವರಿಗೆಂದು ಶುರುವಾದ ಕಂಪ್ಯೂಟರ್ ತರಗತಿ ಮೂರನೇ ವಾರಕ್ಕೆ ಖಾಲಿಯಾಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಪಾಠ ‘ಸಿಪಿಯು ಎಂದರೇನು’ ಎಂಬಲ್ಲಿಂದ ಹೊರಟು, ಬಂದವರಿಗೆ ಬೇಕಾದ ಪಹಣಿಯನ್ನೋ ರೈಲು ಟಿಕೆಟ್ಟನ್ನೋ ಮುಟ್ಟುವ ಮೊದಲೇ ಅವರ ಹುರುಪು ಇಳಿದಿರುತ್ತದೆ. ಇಲ್ಲವೇ, ಕಲಿಸುವ ಹುಡುಗ ‘ತಡೀರಿ ಅಜ್ಜ, ನಾನೇ ಮಾಡ್ತೆ’ ಎಂದು ಮೌಸ್ ಕಸಿದುಕೊಳ್ಳುತ್ತಾನೆ. ಎರಡನೆಯದೇ ಹೆಚ್ಚು ಹಾನಿ. ಕೆಲಸವೇನೋ ಆಗುತ್ತದೆ, ಕಲಿಕೆ ಅಲ್ಲಿಗೇ ನಿಲ್ಲುತ್ತದೆ.

ಆದ್ದರಿಂದ ಮೊದಲ ನಿಯಮ: ಕಲಿಸುವವರು ಮೌಸ್, ಕೀಲಿಮಣೆ, ಕಲಿಯುವವರ ಮೊಬೈಲು, ಯಾವುದನ್ನೂ ಮುಟ್ಟಬಾರದು. ಪಕ್ಕದಲ್ಲಿ ನಿಂತು ಬಾಯಲ್ಲಿ ಹೇಳಬೇಕು. ತೋರಿಸಲೇಬೇಕಾದರೆ ಒಂದು ಪೆನ್ಸಿಲಿನ ತುದಿಯಿಂದ ಪರದೆಯ ಮೇಲೆ ಜಾಗ ತೋರಿಸಿ. ‘ಹೆಗಡೆಯವರೇ, ಮೇಲೆ ಬಲಗಡೆ ಮೂಲೆ ನೋಡಿ, ಗುಣಿಸು ಚಿಹ್ನೆ ಇದೆಯಲ್ಲ, ಅದರ ಮೇಲೆ ಬಾಣ ತನ್ನಿ’ ಎಂದರೆ ಒಂದು ನಿಮಿಷ ಹೋಗುತ್ತದೆ, ಹೋಗಲಿ. ‘ಅದನ್ನ ಒತ್ತಿ, ಇದನ್ನ ಒತ್ತಿ’ ಎನ್ನಬೇಡಿ. ‘ಅದು’ ಯಾವುದೆಂದು ಗೊತ್ತಿಲ್ಲದೇ ಅವರು ತರಗತಿಗೆ ಬಂದಿರುವುದು. ಬಂದವರಲ್ಲಿ ನಿವೃತ್ತ ಮಾಸ್ತರು, ಅಕ್ಕೋರು (ಶಿಕ್ಷಕಿಯರು) ಇದ್ದೇ ಇರುತ್ತಾರೆ. ಅವರನ್ನು ಹಾಗೆಯೇ ಕರೆಯಿರಿ. ಊರಿಗೇ ಅಕ್ಷರ ಕಲಿಸಿದವರಿಗೆ ಮೊಮ್ಮಗನ ವಯಸ್ಸಿನವರ ಎದುರು ತಪ್ಪು ಮಾಡುವುದಕ್ಕೆ ಸಂಕೋಚ ಜಾಸ್ತಿ.

ಕಾಲ, ಹೊತ್ತು, ಜಾಗ

ಘಟ್ಟದ ಮೇಲೆ, ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ, ನವೆಂಬರಿನಿಂದ ಜನವರಿಯವರೆಗೆ ತರಗತಿ ಇಡಬೇಡಿ. ಅಡಿಕೆ ಕೊನೆಗಳ ಕೊಯ್ಲು ನಡೆಯುವ ಕಾಲ ಅದು. ಅಡಿಕೆ ಸುಲಿಯುವ ಕೆಲಸ ಸಂಜೆಗೇ ಬೀಳುತ್ತದೆ. ಜೂನ್ ಹೊತ್ತಿಗೆ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿ. ಫೆಬ್ರವರಿ ನಡುವಿನಿಂದ ಮೇ ಮೊದಲ ವಾರದವರೆಗಿನ ಹತ್ತು ಹನ್ನೊಂದು ವಾರವೇ ಸರಿಯಾದ ಸಮಯ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಈ ನಡುವೆಯೇ ಬಿದ್ದರೆ ಆ ದಿನಗಳನ್ನು ಮೊದಲೇ ರಜೆ ಎಂದು ಬರೆದಿಡಿ. ಇಟ್ಟರೂ ಯಾರೂ ಬರುವುದಿಲ್ಲ. ಕರಾವಳಿಯ ಲೆಕ್ಕ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಕಾರವಾರ, ಅಂಕೋಲಾ, ಹೊನ್ನಾವರದ ಬಂದರು ಕೇರಿಗಳಲ್ಲಿ ಆಗಲೇ ಪುರುಸೊತ್ತು. ಮಳೆಯಿದ್ದರೂ ನಡೆದು ಬರುವಷ್ಟು ದೂರದಲ್ಲಿ ಜಾಗ ಸಿಕ್ಕರೆ ತರಗತಿ ನಡೆಯುತ್ತದೆ.

ಹೊತ್ತು ಗೊತ್ತುಮಾಡುವಾಗ ಗಡಿಯಾರಕ್ಕಿಂತ ಬಸ್ಸನ್ನು ನೋಡಿ. ಹಳ್ಳಿಗೆ ಹೋಗುವ ಸಂಜೆ ಬಸ್ಸು ಆರೂವರೆಗಾದರೆ ತರಗತಿ ಆರಕ್ಕೆ ಮುಗಿಯಬೇಕು, ಆರೂಕಾಲಕ್ಕಲ್ಲ. ನಾಲ್ಕೂವರೆಯಿಂದ ಆರರವರೆಗೆ ಎಂದಿಟ್ಟುಕೊಂಡರೆ ದೀಪ ಹಚ್ಚುವ ಹೊತ್ತಿಗೆ ಹೆಂಗಸರೂ ಮನೆ ಸೇರಬಹುದು. ವಾರಕ್ಕೆ ಎರಡು ದಿನ ಪಾಠ, ಒಂದು ದಿನ ಪಾಠವಿಲ್ಲದೆ ಬರೀ ರೂಢಿ. ಆ ಮೂರನೇ ದಿನವನ್ನು ಬಿಡಬೇಡಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಕೈ ಕೂರುವುದು ಅಲ್ಲೇ.

ಜಾಗಕ್ಕೆ ಸೇವಾ ಸಹಕಾರಿ ಸಂಘದ ಸಭಾಂಗಣ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಹೈಸ್ಕೂಲಿನ ಕಂಪ್ಯೂಟರ್ ಕೋಣೆ, ಯಾವುದಾದರೂ ಆದೀತು. ಮೂರು ಸಂಗತಿ ನೋಡಿ: ಮೆಟ್ಟಿಲು ಹತ್ತುವಂತಿರಬಾರದು, ಶೌಚಾಲಯ ಹತ್ತಿರವಿರಬೇಕು, ಕುರ್ಚಿಗೆ ಬೆನ್ನೂ ಕೈಯೂ ಇರಬೇಕು. ಶಾಲೆಯ ಸ್ಟೂಲುಗಳ ಮೇಲೆ ಅರ್ಧ ಗಂಟೆ ಕೂತರೆ ಸೊಂಟ ಹಿಡಿಯುತ್ತದೆ, ಮುಂದಿನ ವಾರ ಬರುವುದಿಲ್ಲ. ತಗಡಿನ ಮಾಡಿನ ಕೋಣೆಯಾದರೆ ಮಳೆ ಹೊಯ್ಯುವಾಗ ಒಂದು ಮಾತೂ ಕೇಳಿಸದು. ದೊಡ್ಡ ಬೋರ್ಡು, ದಪ್ಪ ಅಕ್ಷರ ಬೇಕೇಬೇಕು.

ಎಂಟು ಜನರಿಗಿಂತ ಹೆಚ್ಚು ಸೇರಿಸಬೇಡಿ. ಎಂಟು ಜನರಿಗೆ ಇಬ್ಬರು ಕಲಿಸುವವರು, ತಲೆಗೊಂದು ಯಂತ್ರ. ಇಬ್ಬರಿಗೊಂದು ಕಂಪ್ಯೂಟರ್ ಕೊಟ್ಟರೆ ಸ್ವಲ್ಪ ಚುರುಕಾದವರು ಮೌಸ್ ಹಿಡಿದು ಕೂರುತ್ತಾರೆ, ಇನ್ನೊಬ್ಬರು ನೋಡುತ್ತ ತಲೆಯಾಡಿಸುತ್ತಾರೆ. ಗಂಡ ಹೆಂಡತಿ ಜೊತೆಗೇ ಬಂದರೆ ಬೇರೆ ಬೇರೆ ಸಾಲಿನಲ್ಲಿ ಕೂರಿಸುವುದು ವಾಸಿ, ಕಾರಣ ಹೇಳಬೇಕಾಗಿಲ್ಲ.

ಯಂತ್ರ ಹದಮಾಡುವುದು

ಪಾಠಕ್ಕೆ ಮೊದಲು ಅರ್ಧ ದಿನ ಇದಕ್ಕೇ ಇಡಿ. ಹಿರಿಯರು ‘ನಂಗೆ ತಲೆಗೆ ಹತ್ತಲ್ಲ’ ಎನ್ನುವಾಗ ಅರ್ಧಕ್ಕರ್ಧ ಸಲ ತೊಂದರೆ ಇರುವುದು ತಲೆಯಲ್ಲಲ್ಲ, ಕಣ್ಣು ಮತ್ತು ಬೆರಳಿನಲ್ಲಿ. ಅದಕ್ಕೆ ಮದ್ದು ಸೆಟ್ಟಿಂಗಿನಲ್ಲೇ ಇದೆ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅಲ್ಲಿ ಆಕ್ಸೆಸಿಬಿಲಿಟಿ ತೆರೆಯಿರಿ. ಟೆಕ್ಸ್ಟ್ ಸೈಜನ್ನು ಶೇ. 140ರ ಆಸುಪಾಸಿಗೆ ಏರಿಸಿ. ಮೌಸ್ ಪಾಯಿಂಟರನ್ನು ಮೂರು ನಾಲ್ಕು ಪಟ್ಟು ದೊಡ್ಡದು ಮಾಡಿ, ಬಿಳಿಯ ಬದಲು ಕಪ್ಪು ಅಥವಾ ಹಳದಿ ಬಣ್ಣ ಕೊಡಿ. ಬಿಳಿ ಪುಟದ ಮೇಲೆ ಬಿಳಿ ಬಾಣ ಹುಡುಕುವುದರಲ್ಲೇ ಎಷ್ಟೋ ಜನರ ಸಂಜೆ ಕಳೆಯುತ್ತದೆ. ಆಮೇಲೆ ಕಂಟ್ರೋಲ್ ಪ್ಯಾನೆಲಿನ ಮೌಸ್ ವಿಭಾಗಕ್ಕೆ ಹೋಗಿ ಡಬಲ್ ಕ್ಲಿಕ್ ವೇಗವನ್ನು ತೀರಾ ನಿಧಾನಕ್ಕಿಳಿಸಿ, ಬಾಣದ ಓಟವನ್ನೂ ಕಡಿಮೆ ಮಾಡಿ, ‘ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಶನ್’ ಎಂಬುದರ ಗುರುತು ತೆಗೆಯಿರಿ. ಅದು ಇದ್ದರೆ ಕೈ ಜೋರಾಗಿ ಸರಿದಾಗ ಬಾಣ ಇನ್ನೂ ದೂರ ಹಾರುತ್ತದೆ. ನಡುಗುವ ಕೈಗೆ ಅದು ಆಗಿಬರುವುದಿಲ್ಲ. ಕೀಬೋರ್ಡ್ ವಿಭಾಗದಲ್ಲಿ ರಿಪೀಟ್ ಡಿಲೇಯನ್ನು ಉದ್ದಕ್ಕಿಡಿ. ಇಲ್ಲದಿದ್ದರೆ ಕೀಲಿ ಒತ್ತಿ ಬೆರಳೆತ್ತಲು ತಡವಾದವರಿಗೆ ‘ಕ’ ಬದಲು ‘ಕಕಕಕ’ ಬರುತ್ತದೆ.

ಲ್ಯಾಪ್‌ಟಾಪ್ ಆದರೂ ತಂತಿಯ ಮೌಸ್ ಕೊಡಿ. ಟಚ್‌ಪ್ಯಾಡಿನ ಮೇಲೆ ಒಣಗಿದ ಬೆರಳು ಸರಿಯಾಗಿ ಓಡುವುದಿಲ್ಲ, ಎರಡು ಬೆರಳಿನ ಆಟವಂತೂ ದೂರದ ಮಾತು. ಮೌಸಿನ ಎಡ ಗುಂಡಿಗೆ ಹಣೆಗಿಡುವ ಕೆಂಪು ಟಿಕಲಿಯೊಂದನ್ನು ಅಂಟಿಸಿಬಿಡಿ. ‘ಲೆಫ್ಟ್ ಕ್ಲಿಕ್’ ಎನ್ನುವ ಬದಲು ‘ಟಿಕಲಿ ಒತ್ತಿ’ ಎಂದರೆ ಮುಗಿಯಿತು. ಕವಳ (ಎಲೆಯಡಿಕೆ) ಹಾಕುವವರು ಕೈ ತೊಳೆದು ಒರೆಸಿಕೊಂಡೇ ಕೂರಬೇಕು ಎಂಬ ನಿಯಮ ಮೊದಲ ದಿನವೇ ಹೇಳಿ. ಬೆರಳಿನ ಸುಣ್ಣ ಕೀಲಿಗಳ ಸಂದಿಯಲ್ಲಿ ಗಟ್ಟಿಯಾಗಿ ಕೂತರೆ ಆ ಕೀಲಿ ಮತ್ತೆ ಏಳುವುದಿಲ್ಲ.

ಪರದೆಯ ಎತ್ತರದಲ್ಲಿ ಎಲ್ಲರೂ ತಪ್ಪುತ್ತಾರೆ. ಆಫೀಸಿನಲ್ಲಿ ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ ಎನ್ನುತ್ತಾರಲ್ಲ, ಬೈಫೋಕಲ್ ಕನ್ನಡಕದವರಿಗೆ ಅದು ಸಲ್ಲ. ಹತ್ತಿರದ್ದನ್ನು ಓದುವ ಗಾಜು ಕನ್ನಡಕದ ಕೆಳಭಾಗದಲ್ಲಿರುವುದರಿಂದ ಅವರು ಗದ್ದವೆತ್ತಿ, ಕತ್ತು ಹಿಂದಕ್ಕೆ ಬಾಗಿಸಿ ನೋಡಬೇಕಾಗುತ್ತದೆ. ಮನೆಗೆ ಹೋದಮೇಲೆ ಕತ್ತು ನೋವು. ಮಾನಿಟರನ್ನು ಸ್ಟ್ಯಾಂಡಿನಿಂದ ಇಳಿಸಿ, ಸ್ವಲ್ಪ ಹಿಂದಕ್ಕೆ ವಾಲಿಸಿ, ಕಣ್ಣಿನಿಂದ ಎರಡಡಿ ದೂರದಲ್ಲಿಡಿ. ಕಿಟಕಿ ಬೆನ್ನ ಹಿಂದಿದ್ದರೆ ಸಂಜೆ ಬಿಸಿಲು ಪರದೆಗೆ ಹೊಡೆಯುತ್ತದೆ, ಮೇಜು ತಿರುಗಿಸಿ.

ದಾನಕ್ಕೆ ಬಂದ ಹಳೆಯ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ 10 ಇದ್ದರೆ ನೆನಪಿಡಿ, ಅದರ ಸಾಮಾನ್ಯ ಸುರಕ್ಷಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟೈಪಿಂಗು, ಚಿತ್ರ ಬಿಡಿಸುವುದಕ್ಕೆ ಬಳಸಿ, ಬ್ಯಾಂಕಿನ ಕೆಲಸಕ್ಕೆ ಬೇಡ. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಂಡರೂ ಆದೀತು, ಆದರೆ ಮನೆಯಲ್ಲಿರುವುದು ವಿಂಡೋಸ್ ಆದರೆ ಇಲ್ಲಿ ಕಲಿತ ಜಾಗಗಳು ಅಲ್ಲಿ ಸಿಗುವುದಿಲ್ಲ ಎಂಬ ಗೋಳು ಬರುತ್ತದೆ.

ಪರದೆಯ ಭಾಷೆ ಕನ್ನಡವಿರಲಿ ಎಂದು ಆಸೆಯಾಗುವುದು ಸಹಜ. ಮೊಬೈಲಿನಲ್ಲಿ ಕನ್ನಡ ಹಾಕಿ, ಚೆನ್ನಾಗಿದೆ. ಕಂಪ್ಯೂಟರಿನಲ್ಲಿ ಮಾತ್ರ ಇಂಗ್ಲಿಷೇ ಇರಲಿ: ಅಲ್ಲಿನ ಕನ್ನಡ ಪದಗಳು ಯಾರೂ ಆಡದಂಥವು, ಮೇಲಾಗಿ ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ ‘ಸೇವ್ ಒತ್ತು ಅಪ್ಪ’ ಎಂದರೆ ಆ ‘ಸೇವ್’ ಪರದೆಯ ಮೇಲೆ ಇರಬೇಕಲ್ಲ. ಸೇವ್, ಓಪನ್, ಓಕೆ, ಕ್ಯಾನ್ಸಲ್, ಬ್ಯಾಕ್, ಸೆಂಡ್, ಡಿಲೀಟ್, ಪ್ರಿಂಟ್, ಈ ಎಂಟು ಪದಗಳ ಇಂಗ್ಲಿಷ್ ರೂಪ ಬರೆದು ಗೋಡೆಗೆ ಅಂಟಿಸಿದರೆ ಇಂಗ್ಲಿಷ್ ಬಾರದವರೂ ಎರಡು ವಾರದಲ್ಲಿ ಗುರುತು ಹಿಡಿಯುತ್ತಾರೆ.

ಮೌಸು ಪಳಗಿಸುವ ಮೊದಲ ನಾಲ್ಕು ತರಗತಿ

ಮುಂಗೈ ಮೇಜಿನ ಮೇಲೆ ಊರಿರಬೇಕು. ಹೆಬ್ಬೆರಳು, ಉಂಗುರದ ಬೆರಳು ಮೌಸಿನ ಎರಡು ಪಕ್ಕ. ತೋರುಬೆರಳು ಟಿಕಲಿಯ ಮೇಲೆ. ಹೊಸಬರು ಮೌಸನ್ನು ಎತ್ತಿ ಹಿಡಿಯುತ್ತಾರೆ, ಅಥವಾ ಬಾಣ ಸರಿಸುವಾಗಲೂ ಗುಂಡಿ ಒತ್ತಿಯೇ ಇರುತ್ತಾರೆ. ಎರಡನೆಯದರಿಂದಾಗಿ ಡೆಸ್ಕ್‌ಟಾಪಿನ ಒಂದು ಫೋಲ್ಡರ್ ಎಳೆದುಕೊಂಡು ಹೋಗಿ ಇನ್ನೊಂದರೊಳಗೆ ಬೀಳುತ್ತದೆ, ‘ಎಲ್ಲ ಹೋಯ್ತು’ ಎಂಬ ಗಾಬರಿ. ಆದ್ದರಿಂದ ಕ್ಲಿಕ್ಕಿಗಿಂತ ಮೊದಲೇ ಕಂಟ್ರೋಲ್ ಝಡ್ ಕಲಿಸಿ: ಈಗ ಮಾಡಿದ್ದನ್ನು ಇಲ್ಲದಂತೆ ಮಾಡುವ ಕೀಲಿ. ಬೇಕೆಂದೇ ಒಂದು ಫೋಲ್ಡರ್ ಅಳಿಸಿಸಿ, ಕಂಟ್ರೋಲ್ ಝಡ್ ಒತ್ತಿಸಿ, ಮರಳಿ ಬರುವುದನ್ನು ನೋಡಲಿ. ಹೆದರಿಕೆ ಅರ್ಧ ಇಳಿಯುತ್ತದೆ. ಬೇಡದ ಪಟ್ಟಿ ತೆರೆದುಕೊಂಡರೆ ಎಸ್ಕೇಪ್ ಕೀಲಿ. ಈ ಎರಡು ಗೊತ್ತಿದ್ದರೆ ಉಳಿದದ್ದನ್ನು ಧೈರ್ಯವಾಗಿ ಮುಟ್ಟುತ್ತಾರೆ.

ಡಬಲ್ ಕ್ಲಿಕ್ ಬಗ್ಗೆ ಹಟ ಬೇಡ. ಎರಡು ಒತ್ತಿನ ನಡುವೆ ಕೈ ಒಂದು ಕೂದಲೆಳೆ ಸರಿದರೂ ಅದು ಡಬಲ್ ಕ್ಲಿಕ್ ಆಗುವುದಿಲ್ಲ. ಒಮ್ಮೆ ಒತ್ತಿ ಆರಿಸಿ, ಆಮೇಲೆ ಎಂಟರ್ ಕೀಲಿ ಒತ್ತಿದರೂ ಅದೇ ಕೆಲಸ. ಮೌಸು ಮೇಜಿನಂಚಿಗೆ ಹೋಗಿ ಸಿಕ್ಕಿಕೊಂಡರೆ ಅದನ್ನು ಎತ್ತಿ ನಡುವೆ ಇಡಬಹುದು, ಎತ್ತಿದಾಗ ಬಾಣ ಕದಲುವುದಿಲ್ಲ ಎಂಬುದನ್ನು ಹೇಳಿಯೇ ಕೊಡಬೇಕು. ತಾನಾಗಿ ಯಾರಿಗೂ ಹೊಳೆಯದು.

ರೂಢಿಗೆ ಪೇಂಟ್ ತಂತ್ರಾಂಶದಲ್ಲಿ ರಂಗೋಲಿ ಬಿಡಿಸಲು ಕೊಡಿ. ಬ್ರಷ್ ಆರಿಸಿ ಐದು ಸಾಲು ಐದು ಚುಕ್ಕಿ: ಇಪ್ಪತ್ತೈದು ಕ್ಲಿಕ್. ಆಮೇಲೆ ಗೆರೆಯ ಉಪಕರಣ ಆರಿಸಿ ಚುಕ್ಕಿಯಿಂದ ಚುಕ್ಕಿಗೆ ಒತ್ತಿ ಎಳೆದು ಬಿಡುವುದು, ಡ್ರ್ಯಾಗ್ ಅಂದರೆ ಅದೇ. ಕೊನೆಗೆ ಬಕೆಟ್ ಒತ್ತಿ ಬಣ್ಣ ತುಂಬುವುದು. ಗೆರೆ ಕೂಡದೆ ಸಣ್ಣ ಕಿಂಡಿ ಬಿಟ್ಟಿದ್ದರೆ ಬಣ್ಣ ಹೊರಗೆ ಹರಿದು ಪುಟವೆಲ್ಲ ಕೆಂಪಾಗುತ್ತದೆ, ಆಗ ಕಂಟ್ರೋಲ್ ಝಡ್ ತಾನಾಗಿಯೇ ನೆನಪಾಗುತ್ತದೆ. ಇಸ್ಪೀಟಿನ ಸಾಲಿಟೇರ್ ಆಟವನ್ನು ಹಿಂದೆ ಇದಕ್ಕೇ ಬಳಸುತ್ತಿದ್ದರು. ಈಗಿನದರಲ್ಲಿ ನಡುನಡುವೆ ಜಾಹೀರಾತು ತೆರೆದುಕೊಳ್ಳುತ್ತದೆ, ಬೇಡ.

ಪ್ರತಿ ತರಗತಿಯ ಮೊದಲ ಹದಿನೈದು ನಿಮಿಷ ಹಿಂದಿನದರ ಪುನರಾವರ್ತನೆಗೆ. ಹೊಸ ವಿಷಯ ಒಂದೇ. ಚಾ ಕುಡಿದ ಮೇಲೆ ಹತ್ತು ನಿಮಿಷ ಟಿಪ್ಪಣಿ: ಇವತ್ತು ಮಾಡಿದ್ದನ್ನು ಅವರೇ ತಮ್ಮ ಮಾತಿನಲ್ಲಿ ನೋಟುಪುಸ್ತಕಕ್ಕೆ ಬರೆದುಕೊಳ್ಳಬೇಕು. ಗುಂಡಿ ಎಲ್ಲಿದೆ ಎಂದಲ್ಲ, ಅದರ ಹೆಸರೇನು ಎಂದು ಬರೆಯಿಸಿ. ಅಪ್‌ಡೇಟ್ ಬಂದಾಗ ಜಾಗ ಬದಲಾಗುತ್ತದೆ, ಹೆಸರು ಅಷ್ಟು ಬೇಗ ಬದಲಾಗುವುದಿಲ್ಲ.

ಕನ್ನಡ ಬೆರಳಚ್ಚು

ಮೊಬೈಲಿನಲ್ಲಿ ಗೂಗಲ್‌ನ ಕೀಲಿಮಣೆ ಜಿಬೋರ್ಡ್ ಹಾಕಿ, ಕನ್ನಡ ಸೇರಿಸಿ, ಮೈಕಿನ ಗುರುತು ಒತ್ತಿ ಮಾತಾಡುವುದನ್ನೂ ಬೆರಳಲ್ಲಿ ಬರೆಯುವ ಹ್ಯಾಂಡ್‌ರೈಟಿಂಗ್ ವಿನ್ಯಾಸವನ್ನೂ ತೋರಿಸಿ. ಹೆಚ್ಚಿನವರಿಗೆ ಅಷ್ಟು ಸಾಕು. ಮೈಕಿಗೆ ಪೇಟೆಯ ಕನ್ನಡದಲ್ಲಿ ಹೇಳಬೇಕು. ಹವ್ಯಕ ಮಾತನ್ನೋ ನಾಡವರ ಮಾತನ್ನೋ ಅದು ಏನೇನೋ ಮಾಡಿ ಬರೆಯುತ್ತದೆ. ಕಾರವಾರ, ಸದಾಶಿವಗಡ, ಮಾಜಾಳಿಯ ಕಡೆ ಎಳೆಯದರಲ್ಲಿ ಮರಾಠಿ ಶಾಲೆಗೆ ಹೋದವರು ಸಿಗುತ್ತಾರೆ, ಮನೆಮಾತು ಕೊಂಕಣಿ. ಅವರಿಗೆ ದೇವನಾಗರಿ ಕೀಲಿಮಣೆಯನ್ನೂ ಸೇರಿಸಿಕೊಡಿ, ಮನಸ್ಸಿನ ಮಾತು ಬರೆಯಲಿ.

ಕಂಪ್ಯೂಟರಿನಲ್ಲಿ ಸಂಘದ ನಡವಳಿ, ದೇವಸ್ಥಾನದ ಲೆಕ್ಕ, ಕತೆ, ಲೇಖನ ಟೈಪು ಮಾಡುವ ಆಸೆಯುಳ್ಳವರಿಗೆ ಮಾತ್ರ ‘ನುಡಿ’ ತಂತ್ರಾಂಶದ ಕೀಲಿಮಣೆ ಕಲಿಸಿ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸದ ಮೇಲೆ ನಿಂತಿರುವ ಇದು ಕಲಿಯಲು ಹತ್ತು ಹನ್ನೆರಡು ತಾಸು ಬೇಡುತ್ತದೆ, ಕಲಿತ ಮೇಲೆ ವೇಗ ಚೆನ್ನಾಗಿ ಬರುತ್ತದೆ. ವಿವರಿಸುವುದು ಹೀಗೆ: ‘ಕೆ’ ಕೀಲಿ ಒತ್ತಿದರೆ ಬರುವುದು ಪೂರ್ತಿ ‘ಕ’. ಅದಕ್ಕೆ ಸ್ವರ ಸೇರಿಸಿದರೆ ಕಾಗುಣಿತ. ‘ಟ’ ಬೇಕಾದರೆ ಕ್ಯೂ, ‘ಡ’ ಬೇಕಾದರೆ ಡಬ್ಲ್ಯೂ, ‘ಷ’ ಬೇಕಾದರೆ ಎಕ್ಸ್. ಈ ಮೂರನ್ನು ಬಾಯಿಪಾಠ ಮಾಡಿಸಿ, ಮಿಕ್ಕವು ಹೆಚ್ಚಾಗಿ ಇಂಗ್ಲಿಷ್ ಉಚ್ಚಾರದ ಜಾಗದಲ್ಲೇ ಇವೆ. ‘ಅಡಿಕೆ’ ಎಂದರೆ ಎ, ಡಬ್ಲ್ಯೂ, ಐ, ಕೆ, ಇ.

ಎಡವುವುದು ಒತ್ತಕ್ಷರದಲ್ಲಿ. ಕೈಬರಹದಲ್ಲಿ ‘ಮ’ ಬರೆದು ಅದರ ಕೆಳಗೆ ಒತ್ತು ಕೊಟ್ಟ ರೂಢಿಯವರು, ‘ಒತ್ತಿನ ಕೀಲಿ ಯಾವುದು?’ ಎಂದು ಹುಡುಕುತ್ತಾರೆ. ಹಾಗೊಂದು ಇಲ್ಲ. ಎಫ್ ಕೀಲಿ ಮೊದಲ ಅಕ್ಷರವನ್ನು ಅರ್ಧ ಮಾಡುತ್ತದೆ, ಮುಂದಿನದು ತಾನಾಗಿ ಒತ್ತಾಗಿ ಕೂರುತ್ತದೆ: ‘ಅಮ್ಮ’ ಎಂದರೆ ಎ, ಎಮ್, ಎಫ್, ಎಮ್. ‘ಗ್ರಾಮ’ ಎಂದರೆ ಜಿ, ಎಫ್, ಆರ್, ಶಿಫ್ಟ್ ಹಿಡಿದು ಎ, ಆಮೇಲೆ ಎಮ್. ಇನ್ನೊಂದು ತಪ್ಪು ಶಿಫ್ಟಿನದು. ‘ಶಿರಸಿ’ ಹೊಡೆಯಲು ಶಿಫ್ಟ್ ಹಿಡಿದು ಎಸ್ ಒತ್ತಿ, ಶಿಫ್ಟ್ ಬಿಟ್ಟು ಐ ಒತ್ತಬೇಕು. ಶಿಫ್ಟ್ ಬಿಡಲು ಬೆರಳು ತಡಮಾಡಿದರೆ ‘ಶೀ’ ಬೀಳುತ್ತದೆ, ಊರು ‘ಶೀರಸಿ’ಯಾಗುತ್ತದೆ. ಆಕ್ಸೆಸಿಬಿಲಿಟಿಯ ಕೀಬೋರ್ಡ್ ವಿಭಾಗದಲ್ಲಿ ಸ್ಟಿಕಿ ಕೀಸ್ ಹಚ್ಚಿದರೆ ಶಿಫ್ಟನ್ನು ಹಿಡಿದೇ ಇರಬೇಕಿಲ್ಲ. ಒಮ್ಮೆ ಒತ್ತಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕಷ್ಟೇ ಅನ್ವಯ. ಸಂಧಿವಾತದ ಬೆರಳಿಗೆ ಇದು ದೊಡ್ಡ ಉಪಕಾರ.

ನುಡಿಯಲ್ಲಿ ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳಲ್ಲೂ ಓದಲು ಬರುವ ಅಕ್ಷರ ವ್ಯವಸ್ಥೆ, ಆಯ್ಕೆಯಾಗಿದೆಯೇ ಎಂದು ಮೊದಲೇ ನೋಡಿ. ಹಳೆಯ ನುಡಿ ಅಕ್ಷರಗಳಲ್ಲಿ ಹೊಡೆದದ್ದನ್ನು ವಾಟ್ಸಾಪಿಗೆ ಅಂಟಿಸಿದರೆ ಇಂಗ್ಲಿಷ್ ಚಿಹ್ನೆಗಳ ಚಿತ್ರಾನ್ನವಾಗುತ್ತದೆ, ಟೈಪು ಮಾಡಿದವರು ತಮ್ಮದೇ ತಪ್ಪೆಂದುಕೊಳ್ಳುತ್ತಾರೆ.

ಪಹಣಿ ನೋಡುವುದು

ಜಮೀನಿದ್ದವರೆಲ್ಲ ಕೇಳುವುದು ಇದನ್ನೇ, ಬ್ರೌಸರ್ ಪಾಠವನ್ನು ಇದರಿಂದಲೇ ಶುರುಮಾಡಿ. ಹುಡುಕಾಟದಲ್ಲಿ ಮೊದಲು ಬಂದದ್ದನ್ನು ಒತ್ತದೆ, ಜಮೀನು ದಾಖಲೆಯ ‘ಭೂಮಿ’ ತಾಣದ ವಿಳಾಸವನ್ನು ಬೋರ್ಡಿನ ಮೇಲೆ ಬರೆದು ಪೂರ್ತಿ ಹೊಡೆಯಿಸಿ. ಕೊನೆಯಲ್ಲಿ ‘ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಇದ್ದರೆ ಅದು ರಾಜ್ಯ ಸರ್ಕಾರದ್ದು ಎಂಬುದನ್ನು ಇಲ್ಲೇ ಕಲಿಯಲಿ. ಆರ್‌ಟಿಸಿ (ಪಹಣಿ) ನೋಡುವ ಪುಟದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ, ಸರ್ವೆ ನಂಬರ್ ಹೊಡೆದು ಗೋ ಒತ್ತಿದ ಮೇಲೆ ಸರ್ನಾಕ್, ಹಿಸ್ಸಾ, ಅವಧಿ, ವರ್ಷ ಕೇಳುತ್ತದೆ. ಸರ್ನಾಕ್ ಎಂಬಲ್ಲಿ ಬಹುಪಾಲು ನಕ್ಷತ್ರ ಚಿಹ್ನೆಯೊಂದೇ ಇರುತ್ತದೆ, ಅದನ್ನೇ ಆರಿಸುವುದು.

ಸಿಕ್ಕಿಕೊಳ್ಳುವ ಜಾಗ ಮೂರು. ನಮ್ಮ ಕಡೆ ಮನೆಯವರು ಹೇಳುವ ಊರಿನ ಹೆಸರು ಕೇರಿಯದು, ದಾಖಲೆಯಲ್ಲಿರುವ ಕಂದಾಯ ಗ್ರಾಮದ ಹೆಸರು ಬೇರೆ; ಪಟ್ಟಿಯಲ್ಲಿ ತಮ್ಮ ಊರೇ ಇಲ್ಲವೆಂದು ಕೂತುಬಿಡುತ್ತಾರೆ. ಮನೆಯಿಂದ ಹಳೆಯ ಪಹಣಿಯೊಂದನ್ನು ತರಲು ಹಿಂದಿನ ತರಗತಿಯಲ್ಲೇ ಹೇಳಿ. ಎರಡನೆಯದು ಪಾಪ್‌ಅಪ್. ಪಹಣಿ ಹೊಸ ಕಿಟಕಿಯಲ್ಲಿ ತೆರೆಯುವುದರಿಂದ ಬ್ರೌಸರ್ ಅದನ್ನು ತಡೆದಿರುತ್ತದೆ. ‘ಒತ್ತಿದೆ, ಏನೂ ಆಗ್ಲಿಲ್ಲ’ ಎಂದರೆ ವಿಳಾಸ ಪಟ್ಟಿಯ ಬಲತುದಿ ನೋಡಿ, ಅನುಮತಿ ಕೊಡಿ. ಮೂರನೆಯದು, ಹೀಗೆ ಪುಕ್ಕಟೆ ನೋಡುವ ಪ್ರತಿಯು ಬರೀ ಮಾಹಿತಿಗೆ. ಕಚೇರಿಗೆ ಕೊಡಲು ಶುಲ್ಕ ಕಟ್ಟಿ ತೆಗೆದ ಪ್ರತಿಯೇ ಬೇಕು.

ಅಡಿಕೆ ಲೆಕ್ಕದ ಹಾಳೆ

ಎಕ್ಸೆಲ್ ಎಂದರೆ ಮೂಗು ಮುರಿಯುವವರೂ ಅಡಿಕೆ ಲೆಕ್ಕವೆಂದರೆ ಕುರ್ಚಿ ಮುಂದೆಳೆದುಕೊಳ್ಳುತ್ತಾರೆ. ಮೊದಲ ಅಂಕಣದಲ್ಲಿ ರಾಶಿ, ಚಾಲಿ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು. ಎರಡನೆಯದರಲ್ಲಿ ತೂಕ ಕ್ವಿಂಟಾಲಿನಲ್ಲಿ. ಮೂರನೆಯದರಲ್ಲಿ ಆ ದಿನದ ಪತ್ರಿಕೆಯ ದರ. ನಾಲ್ಕನೆಯದರಲ್ಲಿ ಸಮ ಚಿಹ್ನೆ ಹೊಡೆದು, ತೂಕದ ಕೋಣೆ ಒತ್ತಿ, ನಕ್ಷತ್ರ ಚಿಹ್ನೆ ಹೊಡೆದು, ದರದ ಕೋಣೆ ಒತ್ತಿ, ಎಂಟರ್. ಕೋಣೆಯ ಬಲ ಕೆಳಮೂಲೆಯ ಚಿಕ್ಕ ಚೌಕ ಹಿಡಿದು ಕೆಳಗೆಳೆದರೆ ಉಳಿದ ಸಾಲುಗಳೂ ತುಂಬುತ್ತವೆ.

ಇಲ್ಲಿ ಒಂದು ತಪ್ಪು ಹೆಚ್ಚುಕಡಿಮೆ ಎಲ್ಲ ತಂಡದಲ್ಲೂ ಆಗುತ್ತದೆ. ಎರಡು ಕ್ವಿಂಟಾಲ್ ಐದು ಕಿಲೋ ಎಂಬುದನ್ನು 2.5 ಎಂದು ಬರೆಯುತ್ತಾರೆ. ಅದು ಎರಡು ಕ್ವಿಂಟಾಲ್ ಐವತ್ತು ಕಿಲೋ ಆಯಿತು, ಬರೆಯಬೇಕಾದದ್ದು 2.05. ಲೆಕ್ಕ ನಲವತ್ತೈದು ಕಿಲೋ ಏರಿದ್ದನ್ನು ಅವರಿಂದಲೇ ಹುಡುಕಿಸಿ. ತೂಕದ ಕೋಣೆಯಲ್ಲಿ ‘ಕ್ವಿಂ.’ ಎಂದು ಅಕ್ಷರ ಸೇರಿಸಿದರೆ ಗುಣಾಕಾರ ಆಗದೆ ದೋಷ ಬರುತ್ತದೆ, ಆ ಮಾತು ಅಂಕಣದ ತಲೆಬರಹದಲ್ಲಿರಲಿ. ಕೋಣೆ ತುಂಬ # ಚಿಹ್ನೆ ಕಂಡರೆ ಏನೂ ಕೆಟ್ಟಿಲ್ಲ, ಅಂಕಣ ಕಿರಿದಾಗಿದೆ ಅಷ್ಟೇ. ಗೆರೆ ಹಿಡಿದು ಅಗಲಿಸಿ.

ಟಿಕೆಟ್, ಜೀವನ ಪ್ರಮಾಣ

ಕರಾವಳಿಯವರಿಗೆ ರೈಲು ಟಿಕೆಟ್ಟಿನ ಪಾಠ ಬೇಕು. ಕಾಯ್ದಿರಿಸುವಿಕೆ ತೆರೆಯುವುದು ಹೊರಡುವ ದಿನಕ್ಕಿಂತ 60 ದಿನ ಮೊದಲು. ನಿಧಾನ ಟೈಪು ಮಾಡುವವರ ಮುಖ್ಯ ಕಷ್ಟವೆಂದರೆ ಹೆಸರು, ವಯಸ್ಸು ತುಂಬುವಷ್ಟರಲ್ಲಿ ರೈಲು ಟಿಕೆಟ್ಟಿನ ತಾಣ ಐಆರ್‌ಸಿಟಿಸಿ ಹೊರದಬ್ಬುತ್ತದೆ. ಮನೆಯವರ ವಿವರವನ್ನು ಮಾಸ್ಟರ್ ಲಿಸ್ಟಿನಲ್ಲಿ ಮೊದಲೇ ಬಿಡುವಾಗಿ ತುಂಬಿಟ್ಟರೆ ಆ ದಿನ ಬರೀ ಗುರುತು ಹಾಕಿದರಾಯಿತು. 60 ದಾಟಿದ ಗಂಡಸರು, 45 ದಾಟಿದ ಹೆಂಗಸರು ಕೆಳ ಬರ್ತಿನ ಹಿರಿಯರ ಕೋಟಾ ಆರಿಸಬಹುದು, ಒಬ್ಬರೋ ಇಬ್ಬರೋ ಹೋಗುವಾಗ ಮಾತ್ರ. ಹಿರಿಯರ ದರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿತು. ಅದನ್ನು ಹುಡುಕುತ್ತ ಕೂರುವವರಿಗೆ ಹೇಳಿಬಿಡಿ.

ಕೈಗಾದಂಥ ಕಡೆ ದುಡಿದು ನಿವೃತ್ತರಾದವರಿಗೆ, ಅಂಚೆ, ರೈಲ್ವೆಯವರಿಗೆ ನವೆಂಬರಿನ ಜೀವನ ಪ್ರಮಾಣ (ಬದುಕಿದ್ದೇವೆಂದು ಪಿಂಚಣಿದಾರರು ಕೊಡುವ ಪತ್ರ) ಮನೆಯಿಂದಲೇ ಆಗುತ್ತದೆ; 80 ದಾಟಿದ ಕೇಂದ್ರ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಕೊಡಬಹುದು. ಮೊಬೈಲಿಗೆ ಎರಡು ಆ್ಯಪ್ ಬೇಕು, ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್ ಆರ್‌ಡಿ. ಆಧಾರ್ ಸಂಖ್ಯೆ, ಪಿಪಿಒ (ಪಿಂಚಣಿ ಆದೇಶ) ಸಂಖ್ಯೆ, ಪಿಂಚಣಿ ಬರುವ ಖಾತೆ ಸಂಖ್ಯೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ತೋಟದ ಕೆಲಸದಲ್ಲಿ ಸವೆದ ಬೆರಳಿನ ಗೆರೆ ಯಂತ್ರಕ್ಕೆ ಹತ್ತದೆ ಸೋತವರಿಗೆ ಮುಖ ತೋರಿಸುವ ಈ ದಾರಿ ಸುಲಭ. ಕಿಟಕಿಗೆ ಮುಖ ಮಾಡಿ ಕೂರಬೇಕು, ಬೆನ್ನಲ್ಲ; ಬೆಳಕು ಹಿಂದಿದ್ದರೆ ಮುಖ ಕಪ್ಪಾಗಿ ಮತ್ತೆ ಮತ್ತೆ ತಿರಸ್ಕಾರ. ಕಣ್ಣು ಮಿಟುಕಿಸಿ ಎಂದಾಗ ನಿಧಾನವಾಗಿ, ಪೂರ್ತಿ ಮುಚ್ಚಿ ತೆರೆಯಲಿ.

ಹಣ, ಪಾಸ್‌ವರ್ಡು, ಮೋಸ

ಇದಕ್ಕೆ ಕಡಿಮೆಯೆಂದರೂ ಮೂರು ತರಗತಿ ಕೊಡಿ, ಅದೂ ಕೊನೆಗಲ್ಲ, ನಡುವೆ. ಮೊದಲು ಪ್ರತಿಯೊಬ್ಬರ ಮೊಬೈಲಿನಲ್ಲಿರುವ ಗೂಗಲ್ ಖಾತೆ ಯಾರದೆಂದು ನೋಡಿಸಿ. ಅಂಗಡಿಯ ಹುಡುಗನೋ ಮೊಮ್ಮಗನೋ ತನಗೆ ತೋಚಿದ ಹೆಸರಲ್ಲಿ ತೆರೆದು, ಪಾಸ್‌ವರ್ಡ್ ಮರೆತು ಹೋಗಿರುವುದೇ ಹೆಚ್ಚು. ಫೋನು ಬದಲಾಯಿಸಿದ ದಿನ ಸಂಪರ್ಕ ಸಂಖ್ಯೆಗಳೆಲ್ಲ ಹೋಗುವುದು ಇದರಿಂದಲೇ. ಪಾಸ್‌ವರ್ಡ್ ಮತ್ತೆ ಹಾಕಿಸಿ, ಅವರದೇ ಫೋನ್ ಸಂಖ್ಯೆಯನ್ನು ಮರುಪಡೆಯುವಿಕೆಗೆ ಸೇರಿಸಿ. ಇಮೇಲ್ ಪಾಸ್‌ವರ್ಡನ್ನು ಪುಸ್ತಕದಲ್ಲಿ ಬರೆದು ಮನೆಯ ಕಪಾಟಿನಲ್ಲಿಡುವುದರಲ್ಲಿ ದೊಡ್ಡ ಅಪಾಯವಿಲ್ಲ. ಬ್ಯಾಂಕಿನ ಪಿನ್ ಮಾತ್ರ ಎಲ್ಲೂ ಬರೆಯಬಾರದು, ಫೋನಿನ ಕವರಿನ ಒಳಗಂತೂ ಅಲ್ಲ.

ಯುಪಿಐ ಕಲಿಸುವಾಗ ಒಂದು ರೂಪಾಯಿಯನ್ನು ಪಕ್ಕದವರಿಗೆ ಕಳಿಸಿ, ಅವರಿಂದ ವಾಪಸು ತರಿಸಿ. ಕಳಿಸುವಾಗ ಪಿನ್ ಕೇಳಿತು, ಬರುವಾಗ ಕೇಳಲಿಲ್ಲ: ಇದನ್ನು ಕಣ್ಣಾರೆ ನೋಡಿದವರು ‘ಹಣ ಬರಬೇಕಾದರೆ ಪಿನ್ ಹೊಡೆಯಿರಿ’ ಎನ್ನುವವನನ್ನು ನಂಬುವುದಿಲ್ಲ. ಪಿಂಚಣಿ ಬರುವ ಖಾತೆಗೆ ಯುಪಿಐ ಕೊಡದೆ, ಎರಡು ಮೂರು ಸಾವಿರ ಮಾತ್ರ ಇಡುವ ಬೇರೆ ಖಾತೆಗೆ ಜೋಡಿಸಿಕೊಳ್ಳುವುದು ಒಳ್ಳೆಯದು.

ಮೋಸದ ಪಾಠವನ್ನು ಭಾಷಣ ಮಾಡಬೇಡಿ, ಆಡಿಸಿ. ಕಲಿಸುವವರೊಬ್ಬರು ಪಕ್ಕದ ಕೋಣೆಯಿಂದ ಫೋನು ಮಾಡಿ, ‘ಹೆಸ್ಕಾಂ ಬಿಲ್ ಕಟ್ಟಿಲ್ಲ, ರಾತ್ರಿ ಕರೆಂಟ್ ಕಟ್, ಈ ಆ್ಯಪ್ ಹಾಕಿಕೊಳ್ಳಿ’ ಎನ್ನಲಿ. ನಮ್ಮ ಹಿರಿಯರಿಗೆ ಮಾತಾಡುತ್ತಿರುವವರ ಫೋನನ್ನು ನಡುವೆ ಕತ್ತರಿಸುವುದು ಮರ್ಯಾದೆಗೇಡು ಅನ್ನಿಸುತ್ತದೆ. ಕೆಂಪು ಗುಂಡಿ ಒತ್ತುವುದನ್ನು ಹತ್ತು ಸಲ ರೂಢಿ ಮಾಡಿಸಬೇಕಾಗುತ್ತದೆ. ‘ಪಿಎಂ ಕಿಸಾನ್’ ಎಂದೋ ಮದುವೆ ಕರೆಯೋಲೆ ಎಂದೋ ವಾಟ್ಸಾಪಿನಲ್ಲಿ ಬಂದ ಕಡತದ ಹೆಸರು ‘ಎಪಿಕೆ’ ಎಂದು ಮುಗಿದರೆ, ಅದು ಫೋನಿಗೆ ಆ್ಯಪ್ ಹಾಕುವ ಕಡತ, ತಮ್ಮನೇ ಕಳಿಸಿದ್ದರೂ ಒತ್ತಬಾರದು. ಅವನ ಫೋನು ಆಗಲೇ ಬೇರೆಯವರ ಕೈಯಲ್ಲಿರಬಹುದು. ವಿಡಿಯೊ ಕರೆಯಲ್ಲಿ ಪೊಲೀಸ್ ವೇಷದವನು ‘ಡಿಜಿಟಲ್ ಅರೆಸ್ಟ್’ ಎಂದರೆ, ಅಂಥದ್ದು ಈ ದೇಶದ ಕಾನೂನಿನಲ್ಲೇ ಇಲ್ಲ. ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಜೊತೆಗೇ ಬ್ಯಾಂಕಿಗೆ. ಮಕ್ಕಳು ಬೈದಾರೆಂದು ಎರಡು ದಿನ ಮುಚ್ಚಿಟ್ಟರೆ ಹಣ ಖಾತೆಯಿಂದ ಖಾತೆಗೆ ದಾಟಿ ಹೋಗಿರುತ್ತದೆ. 1930 ಎಂಬುದನ್ನು ಎಲ್ಲರ ಫೋನಿನಲ್ಲೂ ಅವರ ಕೈಯಿಂದಲೇ ಸೇವ್ ಮಾಡಿಸಿ.

ಮಳೆ, ಸಿಡಿಲು, ಕರೆಂಟು

ಲ್ಯಾಪ್‌ಟಾಪ್ ಇದ್ದರೆ ಕರೆಂಟ್ ಹೋದರೂ ಪಾಠ ನಡೆಯುತ್ತದೆ. ಡೆಸ್ಕ್‌ಟಾಪಿಗೆ 600 ವಿಎ ಯುಪಿಎಸ್ ಹಾಕಿದರೆ ಹತ್ತು ಹದಿನೈದು ನಿಮಿಷ ಸಿಗುತ್ತದೆ, ಅದು ಪಾಠ ಮುಂದುವರಿಸಲು ಅಲ್ಲ, ಸೇವ್ ಮಾಡಿ ಮುಚ್ಚಲು. ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಬೇಡಿ; ಲೇಸರ್ ಪ್ರಿಂಟರ್ ಬಿಸಿಯಾಗುವಾಗ ಎಳೆಯುವ ಕರೆಂಟಿಗೆ ಸಣ್ಣ ಯುಪಿಎಸ್ ಕೈಕೊಡುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದೊಡನೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು, ಇಂಟರ್‌ನೆಟ್ಟಿನ ತಂತಿಯನ್ನೂ ಸಹ. ಸಿಡಿಲಿನ ಪೆಟ್ಟು ಆ ದಾರಿಯಿಂದಲೂ ಒಳಬರುತ್ತದೆ, ರೂಟರಿನ ಅಡಾಪ್ಟರ್ ಮೊದಲು ಸುಡುತ್ತದೆ.

ಜೂನ್ ನಂತರ ಯಂತ್ರಗಳನ್ನು ಪ್ಲಾಸ್ಟಿಕ್ ಹೊದಿಸಿ ಮೂಲೆಗಿಟ್ಟರೆ ಒಳಗೆ ತೇವ ಕೂತು ಬೂಸ್ಟು ಹಿಡಿಯುತ್ತದೆ, ಕಾರವಾರದ ಉಪ್ಪುಗಾಳಿಯಲ್ಲಿ ಯುಎಸ್‌ಬಿ ಕಿಂಡಿಗಳು ತುಕ್ಕು ಹಿಡಿಯುತ್ತವೆ. ಹತ್ತಿ ಬಟ್ಟೆ ಹೊದಿಸಿ, ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಚಾಲೂ ಮಾಡಿ. ಒಳಗಿನ ಬಿಸಿಯೇ ತೇವ ಓಡಿಸುತ್ತದೆ. ಮೌಸು, ಕೀಲಿಮಣೆ, ಚಾರ್ಜರ್‌ಗಳನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಡಬ್ಬಿಯ ಮೇಲೆ ಯಾವ ಯಂತ್ರದ ಚಾರ್ಜರ್ ಎಂದು ಚೀಟಿ ಅಂಟಿಸುವುದು ಮರೆಯಬೇಡಿ. ಬೇರೆ ವೋಲ್ಟೇಜಿನ ಚಾರ್ಜರ್ ಚುಚ್ಚಿದರೆ ಮದರ್‌ಬೋರ್ಡೇ ಸುಟ್ಟುಹೋಗಬಹುದು.